ಕೈದಿಗಳಿಗೆ ನಿಜಕ್ಕೂ ಓದುವ ಆಸೆ ಇರುತ್ತಾ?

ಜೈಲಿಗೆ ಹೋಗಿ ಪಾಠ ಮಾಡಬೇಕೆಂದಿದ್ದೀರಿ. ಅಲ್ಲಿನವರಿಗೆ ನಿಜಕ್ಕೂ ಓದುವ ಆಸೆ ಇರುತ್ತದೋ, ಶಿಕ್ಷೆ ಕಡಿಮೆಯಾಗಲಿ ಅಂತ ಸುಮ್ನೆ ಬಂದು ಕೂರುತ್ತಾರೋ ಎಂದು ಕೇಳಿದ್ದೀರಿ. ನಾನು ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಆರು ವರ್ಷ ಒಂದು ಜಿಲ್ಲಾ ಕಾರಾಗೃಹದಲ್ಲಿ ಅಕ್ಷರ ಕಲಿಸಿದ್ದೇನೆ. ಕಂಡದ್ದನ್ನು ಹೇಳುತ್ತೇನೆ.

ಮೊದಲು ಶಿಕ್ಷೆಯ ಮಾತು. ನನ್ನ ಕ್ಲಾಸಿಗೆ ಬರುತ್ತಿದ್ದ ಹೆಚ್ಚಿನವರಿಗೆ ಶಿಕ್ಷೆಯೇ ಆಗಿರಲಿಲ್ಲ, ವಿಚಾರಣಾಧೀನ ಕೈದಿಗಳು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ಇಂಥವರೇ. ಆಗದೇ ಇರುವ ಶಿಕ್ಷೆಯಲ್ಲಿ ಮಾಫಿ ಎಲ್ಲಿಂದ ಬರಬೇಕು? ಆದರೂ ಬರುತ್ತಿದ್ದರು.

ಅವರನ್ನು ಎಳೆದು ತರುತ್ತಿದ್ದದ್ದು ಹೆಬ್ಬೆಟ್ಟಿನ ನಾಚಿಕೆ. ವಕಾಲತ್ತಿಗೆ, ಅರ್ಜಿಗೆ, ಜಾಮೀನಿನ ಕಾಗದಕ್ಕೆ, ಎಲ್ಲದಕ್ಕೂ ಸಹಿ ಬೇಕು. ಪ್ರತಿ ಸಲವೂ ಮಸಿ ಡಬ್ಬಿ ಮುಂದೆ ಬರುತ್ತದೆ. ಐವತ್ತೈದು ದಾಟಿದ ರೈತರೊಬ್ಬರು ಮೊದಲ ದಿನವೇ ಹೇಳಿದರು: "ಮೇಡಂ, ನನಗೆ ನನ್ನ ಹೆಸರು ಒಂದು ಬರೆಯೋದು ಕಲಿಸಿ, ಸಾಕು." ಅವರ ಹೆಸರಿನಲ್ಲಿ ಎರಡು ಒತ್ತಕ್ಷರ. ನೇಗಿಲು ಹಿಡಿದ ಕೈ, ಬಳಪ ಮುರಿದೇ ಹೋಗುತ್ತಿತ್ತು. ಇಪ್ಪತ್ತು ದಿನ ಹಿಡಿಯಿತು. ಹೆಸರು ಬಂದ ಮೇಲೆ ಬಿಡುತ್ತಾರೆ ಅಂದುಕೊಂಡೆ. ಮಾರನೆಯ ದಿನ ಮಡಿಚಿ ಮಡಿಚಿ ಸವೆದ ಚಾರ್ಜ್‌ಶೀಟ್ ಹಿಡಿದು ಬಂದರು. "ಇದರಲ್ಲಿ ಏನಿದೆ ಅಂತ ನಾನೇ ಓದಬೇಕು." ಒಂದು ಪುಟಕ್ಕೆ ನಾಲ್ಕು ದಿನ. ಸಾಲಿನ ಕೆಳಗೆ ಬೆರಳಿಟ್ಟು "ಸ-ದ-ರಿ ಆ-ರೋ-ಪಿ" ಅಂತ ಕೂಡಿಸಿ ಓದಿ, "ಸದರಿ ಅಂದ್ರೆ ಯಾರು ಮೇಡಂ?" ಎಂದರು. "ನೀವೇ" ಅಂದೆ. ಆ ಕಾಗದದ ಮೇಲೆ ಅವರು ಎರಡು ವರ್ಷ ಒಳಗಿದ್ದರು.

ಹೆಂಗಸರ ವಿಭಾಗದಲ್ಲಿ ಪತ್ರದ ಕತೆ. ಮಗಳ ಪತ್ರ ಬಂದರೆ ಬೇರೆಯವರ ಕೈಲಿ ಓದಿಸಬೇಕು. ಮನೆಯ ಗುಟ್ಟು ಇಡೀ ಬ್ಯಾರಕ್ಕಿಗೆ ಗೊತ್ತಾಗುತ್ತದೆ. ಒಬ್ಬಾಕೆ ಕಲಿತದ್ದು ಅದಕ್ಕಾಗಿಯೇ. ಮೊದಲ ಸಲ ತಾನೇ ಓದುವಾಗ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಹತ್ತಿರ ಹೋಗಲಿಲ್ಲ.

ಎಲ್ಲರೂ ಹೀಗೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಇಪ್ಪತ್ತರ ಆಸುಪಾಸಿನ ಹುಡುಗರನ್ನು ಕೂರಿಸುವುದು ತುಂಬಾ ಕಷ್ಟ. ಅವರಿಗೆ ಶಾಲೆ ಅಂದರೆ ಏಟು, ಎಲ್ಲರ ಮುಂದೆ ಅವಮಾನ. "ಓದಿದ್ರೂ ಪೊಲೀಸ್ ವೆರಿಫಿಕೇಶನ್‌ನಲ್ಲಿ ಸಿಕ್ಕಿಬೀಳ್ತೀವಲ್ಲ" ಅನ್ನುತ್ತಿದ್ದರು. ನನ್ನಲ್ಲಿ ಉತ್ತರ ಇರಲಿಲ್ಲ. ಕೆಲವರು ಬ್ಯಾರಕ್ಕಿನಿಂದ ಒಂದು ಗಂಟೆ ಹೊರಗಿರಬಹುದು ಅಂತಲೇ ಬರುತ್ತಿದ್ದರು. ಬರಲಿ ಬಿಡಿ. ಹಾಗೆ ಬಂದವರಲ್ಲೇ ಇಬ್ಬರು ಆಮೇಲೆ ಬೇರೆಯವರಿಗೆ ಕಾಗುಣಿತ ಹೇಳಿಕೊಡುತ್ತಿದ್ದರು.

ಸೆಂಟ್ರಲ್ ಜೈಲಿನ ಸಜಾ ಬಂದಿಗಳ, ಅಂದರೆ ಶಿಕ್ಷೆಯಾದವರ, ಲೆಕ್ಕ ಬೇರೆ. ಅಲ್ಲಿ ದಿನಗೂಲಿಯ ಕೆಲಸ ಇರುತ್ತದೆ. ಮನೆಗೆ ದುಡ್ಡು ಕಳಿಸಬೇಕಾದವನು ಪಾಠಕ್ಕಿಂತ ಕೆಲಸವನ್ನೇ ಆರಿಸಿಕೊಳ್ಳುತ್ತಾನೆ. ಅದನ್ನು ಆಸಕ್ತಿ ಇಲ್ಲ ಅನ್ನೋದು ತಪ್ಪು, ಅಲ್ವಾ? ವರ್ಷಗಟ್ಟಲೆ ಇರುವವರಲ್ಲಿ ಡಿಗ್ರಿ ಮಾಡುವವರೂ ಇದ್ದಾರೆ. ಮನೆಯಲ್ಲೇ ಕೂತು ಓದಬಹುದಾದ ದೂರಶಿಕ್ಷಣದ ವಿಶ್ವವಿದ್ಯಾಲಯ ಇಗ್ನೋ ಕೈದಿಗಳಿಂದ ಫೀಸು ತೆಗೆದುಕೊಳ್ಳುವುದಿಲ್ಲ.

ನನ್ನ ಹೊಟ್ಟೆ ಉರಿಸಿದ್ದು ಕೈದಿಗಳಲ್ಲ. ಅರ್ಧ ಪಾಠದಲ್ಲಿ ಒಬ್ಬನನ್ನು ಬೇರೆ ಜೈಲಿಗೆ ಕಳಿಸಿಬಿಡುತ್ತಾರೆ. ತಪಾಸಣೆಯಲ್ಲಿ ನೋಟ್‌ಬುಕ್ ಹೋಗುತ್ತದೆ. ಒಂದು ಸಲ ಮೂರು ತಿಂಗಳ ಕಾಪಿ ಬರಹ ಹಾಗೆ ಹೋಯಿತು. ಬರೆದವನು ಮತ್ತೆ ಬರಲಿಲ್ಲ.

ನೀವು ಹೋಗುವುದಾದರೆ ಯಾವ ಕೇಸು ಅಂತ ಕೇಳಬೇಡಿ. ದೊಡ್ಡವರ ಕೈಗೆ ಮಕ್ಕಳ "ಅ ಅರಸ, ಆ ಆನೆ" ಪುಸ್ತಕ ಕೊಡಬೇಡಿ. ಅವರವರ ಹೆಸರಿನಿಂದ, ಊರಿನ ಹೆಸರಿನಿಂದ ಶುರು ಮಾಡಿ. ಬರುತ್ತೇನೆ ಅಂದ ದಿನ ತಪ್ಪದೆ ಹೋಗಿ. ಸ್ಲೇಟು ಒರೆಸಿಕೊಂಡು ಕಾಯುತ್ತಾ ಕೂತಿರುತ್ತಾರೆ.