ಬಿದ್ದ ಮೇಲೆ ಡ್ರೋನ್ ಒಂದು ಕಡೆ ಜಾರುತ್ತಿದೆಯಾ? ಮೊದಲು ರೆಕ್ಕೆ ನೋಡಿ

ಪ್ರಶ್ನೆ: ಎರಡು ವಾರದ ಹಿಂದೆ ನನ್ನ ಡ್ರೋನ್ ಮರದ ಕೊಂಬೆಗೆ ತಾಗಿ ಹುಲ್ಲಿನ ಮೇಲೆ ಬಿತ್ತು. ಹೊರಗೆ ಏನೂ ಮುರಿದಿಲ್ಲ. ಆದರೆ ಈಗ ಗಾಳಿಯಲ್ಲಿ ಒಂದು ಕಡೆ ನಿಲ್ಲಿಸಿದರೆ ಎಡಕ್ಕೆ ಜಾರುತ್ತದೆ. ಸದ್ದು ಬದಲಾಗಿದೆ, ವಿಡಿಯೊ ನಡುಗುತ್ತದೆ. ಮೂರು ಸಲ ಕ್ಯಾಲಿಬ್ರೇಷನ್ ಮಾಡಿದರೂ ಸರಿ ಹೋಗಿಲ್ಲ. ಮೋಟರ್ ಬದಲಿಸಬೇಕಾ?

ಉತ್ತರ: ಮೋಟರ್‌ಗೆ ಈಗಲೇ ದುಡ್ಡು ಹಾಕಬೇಡಿ. ಸದ್ದು ಬದಲಾಗಿದೆ, ವಿಡಿಯೊ ನಡುಗುತ್ತದೆ ಅಂದಿರಲ್ಲ, ತಿರುಗುವ ಭಾಗ ಯಾವುದೋ ತೂಕ ತಪ್ಪಿದೆ ಅನ್ನುವುದಕ್ಕೆ ಅದೇ ಗುರುತು. ಕ್ಯಾಲಿಬ್ರೇಷನ್ ಅಂದರೆ ಯಾವುದು ಸಮತಟ್ಟು ಅಂತ ಡ್ರೋನ್‌ಗೆ ಮತ್ತೆ ಕಲಿಸುವುದು, ಅದು ಇದನ್ನು ಸರಿ ಮಾಡುವುದಿಲ್ಲ. ಜೊತೆಗೆ, ಓರೆಯಾದ ಜಾಗದಲ್ಲಿಟ್ಟು ಕ್ಯಾಲಿಬ್ರೇಷನ್ ಮಾಡಿದ್ದರೆ ಡ್ರೋನ್ ಆ ಓರೆಯನ್ನೇ ಸಮತಟ್ಟು ಅಂದುಕೊಂಡಿರುತ್ತದೆ. ಆಗ ಜಾರುವುದು ಇನ್ನೂ ಜಾಸ್ತಿಯಾಗಬಹುದು.

ಬ್ಯಾಟರಿ ತೆಗೆದಿಟ್ಟು ನಾಲ್ಕೂ ರೆಕ್ಕೆ ಬಿಚ್ಚಿ. ಒಂದೊಂದನ್ನೂ ಬೆಳಕಿಗೆ ಹಿಡಿದು, ಅಂಚಿನ ಉದ್ದಕ್ಕೂ ಉಗುರು ಎಳೆಯಿರಿ. ಕಣ್ಣಿಗೆ ಕಾಣದ ಕಚ್ಚು ಉಗುರಿಗೆ ಸಿಗುತ್ತದೆ. ಆಮೇಲೆ ರೆಕ್ಕೆಯ ಬುಡವನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಪ್ಲಾಸ್ಟಿಕ್ ಒಂದು ಕಡೆ ಬೆಳ್ಳಗೆ ಗೆರೆ ಬಿಟ್ಟಿದ್ದರೆ ಅಲ್ಲಿ ಅದು ಒಮ್ಮೆ ಮಡಚಿ ವಾಪಸ್ ಬಂದಿದೆ ಎಂದರ್ಥ. ಅಂಥ ರೆಕ್ಕೆ ಹಾರುವಾಗ ತುಂಡಾಗಬಹುದು. ಅಂಟು ಹಾಕಿ ಉಳಿಸಿಕೊಳ್ಳಲು ಹೋಗಬೇಡಿ, ಅಂಟಿನ ತೂಕವೇ ಮತ್ತೆ ನಡುಕ ತರುತ್ತದೆ. ಸುಮ್ನೆ ಹೊಸದು ಹಾಕಿ. ಹಾಕುವಾಗ ದಿಕ್ಕು ನೋಡಿಕೊಳ್ಳಿ: ಎದುರುಬದುರು ಮೂಲೆಯ ಎರಡು ಒಂದೇ ದಿಕ್ಕಿಗೆ ತಿರುಗುತ್ತವೆ, ಉಳಿದೆರಡು ಅದಕ್ಕೆ ವಿರುದ್ಧ. ಅದಲುಬದಲಾದರೆ ಡ್ರೋನ್ ಮೇಲೇಳುವಾಗಲೇ ಮಗುಚಿ ಬೀಳುತ್ತದೆ.

ರೆಕ್ಕೆ ಸರಿಯಿದ್ದರೆ ಮುಂದಿನದು ಮೋಟರ್. ಒಂದೊಂದನ್ನೂ ಬೆರಳಲ್ಲಿ ತಿರುಗಿಸಿ. ಬ್ರಶ್‌ಲೆಸ್ ಮೋಟರ್ ಆದರೆ ಒಳಗಿನ ಅಯಸ್ಕಾಂತಗಳಿಂದಾಗಿ ತಡೆತಡೆದು ತಿರುಗುತ್ತದೆ, ಅದು ಸಹಜ. ನಾಲ್ಕೂ ಒಂದೇ ತರಹ ಅನಿಸಬೇಕು, ಅಷ್ಟೇ. ಒಂದು ಮಾತ್ರ ಗರಗರ ಅಂದರೆ ಮಣ್ಣಿನ ಕಣ ಸೇರಿರಬಹುದು, ಬೇರಿಂಗ್ ಹೋಗಿರಬಹುದು. ನೀವು ಹುಲ್ಲಿನ ಮೇಲೆ ಬೀಳಿಸಿದ್ದೀರಲ್ವಾ, ಅದಕ್ಕೇ ಮೋಟರ್ ಬುಡವನ್ನು ಟಾರ್ಚ್ ಹಿಡಿದು ನೋಡಿ. ನನ್ನ ಹತ್ತಿರ ಬಂದಿದ್ದ ಒಂದು ಡ್ರೋನ್‌ನಲ್ಲಿ ಉದ್ದದ ಕೂದಲೆಳೆಯೊಂದು ಮೋಟರಿನ ನಡುವಿನ ಕಡ್ಡಿಗೆ, ಅಂದರೆ ಶಾಫ್ಟ್‌ಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಚಿಮಟದಲ್ಲಿ ಎಳೆದು ತೆಗೆದ ಮೇಲೆ ಮೋಟರ್ ಹೊಸದರಂತೆ ತಿರುಗಿತು.

ಇನ್ನೊಂದು ಪರೀಕ್ಷೆ: ಕಣ್ಣನ್ನು ಮೋಟರಿನ ಮಟ್ಟಕ್ಕೆ ತಂದು, ಅದು ತಿರುಗುವಾಗ ಮೇಲಿನ ಅಂಚನ್ನೇ ನೋಡಿ. ಅಂಚು ಮೇಲೆ ಕೆಳಗೆ ಆಡಿದರೆ ಶಾಫ್ಟ್ ಬಗ್ಗಿದೆ. ಆಗ ಮೋಟರ್ ಬದಲಿಸಲೇಬೇಕು. ಇಕ್ಕಳದಲ್ಲಿ ಹಿಡಿದು ನೆಟ್ಟಗೆ ಮಾಡಿದ ಶಾಫ್ಟ್ ಸರಿಯಾಗಿದ್ದನ್ನು ನಾನಂತೂ ನೋಡಿಲ್ಲ.

ಮೋಟರ್ ಕೂರುವ ಕೈಗಳ ಸ್ಕ್ರೂ ಸಡಿಲವಾಗಿದೆಯಾ, ಮಡಚುವ ಕೈ ಆದರೆ ಕೀಲು ಆಡುತ್ತದೆಯಾ ನೋಡಿ. ಮೇಜಿನ ಮೇಲಿಟ್ಟು ಬದಿಯಿಂದ ನೋಡಿದರೆ ಬಗ್ಗಿದ ಕೈ ಗೊತ್ತಾಗುತ್ತದೆ. ಕ್ಯಾಮೆರಾ ಅಥವಾ ಒಳಗಿನ ಬೋರ್ಡ್ ಕೂರುವ ರಬ್ಬರ್ ಗುಂಡಿಗಳಲ್ಲಿ ಒಂದು ಕಳಚಿದ್ದರೂ ಇಂಥದೇ ನಡುಕ ಬರುತ್ತದೆ. ಇದನ್ನು ತುಂಬಾ ಜನ ಗಮನಿಸುವುದೇ ಇಲ್ಲ.

ಇಷ್ಟೆಲ್ಲ ಆದ ಮೇಲೆ ಸಮತಟ್ಟಾದ ಜಾಗದಲ್ಲಿಟ್ಟು, ಅಲುಗಾಡಿಸದೆ ಒಂದೇ ಸಲ ಕ್ಯಾಲಿಬ್ರೇಷನ್ ಮಾಡಿ. ದಿಕ್ಸೂಚಿಯ ಕ್ಯಾಲಿಬ್ರೇಷನ್ ಬೇರೆ, ಅದನ್ನು ಸದ್ಯಕ್ಕೆ ಮುಟ್ಟಬೇಡಿ. ದಿಕ್ಸೂಚಿ ಕೆಟ್ಟರೆ ಡ್ರೋನ್ ಸಾಮಾನ್ಯವಾಗಿ ಸುತ್ತು ಹಾಕುತ್ತದೆ. ನಿಮ್ಮದು ಒಂದೇ ಕಡೆ ಜಾರುತ್ತಿದೆ.

ಆಮೇಲೆ ಜನರಿಲ್ಲದ ಬಯಲಲ್ಲಿ, ಸೊಂಟದ ಎತ್ತರದಲ್ಲಿ ಒಂದು ನಿಮಿಷ ಹಾರಿಸಿ ಇಳಿಸಿ. ಬ್ಯಾಟರಿ ತೆಗೆದು ನಾಲ್ಕೂ ಮೋಟರ್ ಹುಷಾರಾಗಿ ಮುಟ್ಟಿ. ಪೆಟ್ಟು ತಿಂದ ಮೂಲೆ ತನ್ನ ಪಾಲಿನ ಭಾರ ಎತ್ತದಿದ್ದಾಗ ಡ್ರೋನ್ ಅಲ್ಲಿನ ಮೋಟರನ್ನು ಜಾಸ್ತಿ ದುಡಿಸುತ್ತದೆ. ಅದಕ್ಕೇ ಡ್ರೋನ್ ಪೆಟ್ಟು ತಿಂದರೂ ಹಾರುತ್ತದೆ, ನಾವು ಎಲ್ಲ ಸರಿಯಿದೆ ಅಂದುಕೊಳ್ಳುತ್ತೇವೆ. ಒಂದು ಮೋಟರ್ ಮಾತ್ರ ಕಾದಿದ್ದರೆ ಆ ಮೂಲೆಯನ್ನೇ ಮತ್ತೆ ಬಿಚ್ಚಿ ನೋಡಿ.

ಪ್ರಶ್ನೆ: ಡ್ರೋನ್ ಬಿದ್ದ ಮೇಲೆ ಬ್ಯಾಟರಿ ಸ್ವಲ್ಪ ಉಬ್ಬಿದೆ. ಚಾರ್ಜ್ ಆಗುತ್ತಿದೆ. ಬಳಸಬಹುದಾ?

ಉತ್ತರ: ಬೇಡ, ದಯವಿಟ್ಟು ಇನ್ನೊಂದು ಸಲ ಚಾರ್ಜ್‌ಗೂ ಹಾಕಬೇಡಿ. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಳಪದರಕ್ಕೆ ಪೆಟ್ಟಾದರೆ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಅದು ಬಿದ್ದ ಕ್ಷಣಕ್ಕೇ ಆಗಬೇಕೆಂದಿಲ್ಲ, ತಡವಾಗಿಯೂ ಆಗಬಹುದು. ಚುಚ್ಚಬೇಡಿ, ಒತ್ತಿ ಚಪ್ಪಟೆ ಮಾಡಬೇಡಿ. ಹತ್ತಿರದಲ್ಲಿ ಬೆಂಕಿ ಹಿಡಿಯುವಂಥದ್ದು ಏನೂ ಇಲ್ಲದ ಕಡೆ, ಮನೆಯ ಹೊರಗೆ ಇಡಿ. ಕಸದ ಬುಟ್ಟಿಗೆ ಹಾಕದೆ, ಹಳೆಯ ಬ್ಯಾಟರಿ ತೆಗೆದುಕೊಳ್ಳುವ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ. ಕೊಡುವಾಗ ಉಬ್ಬಿದೆ ಎಂದು ಮೊದಲೇ ಹೇಳಿ.