‘ಎಲ್ಲಾ ನಾನೇ ನೋಡ್ಕೊಳ್ತೀನಿ’ ಅನ್ನುವ ಅಡ್ವೈಸರ್‌ಗೆ ಮೊದಲು ರಿಜಿಸ್ಟ್ರೇಷನ್ ನಂಬರ್ ಕೇಳಿ

ಮೆಲ್ಬರ್ನ್‌ಗೆ ಬಂದು ಇನ್ನೂ ಒಂದು ವರ್ಷ ಆಗಿಲ್ಲ, ಸ್ವಂತ ಕ್ಲೀನಿಂಗ್ ಬಿಸಿನೆಸ್ ಶುರು ಮಾಡಬೇಕು ಅಂತಿದ್ದೀನಿ, ನಮ್ಮ ಕಡೆಯವರೇ ಒಬ್ಬರು ಬಿಸಿನೆಸ್ ಅಡ್ವೈಸರ್ ಸಿಕ್ಕಿದ್ದಾರೆ, ಎಬಿಎನ್‌ನಿಂದ (ಬಿಸಿನೆಸ್‌ಗೆ ಸರ್ಕಾರ ಕೊಡುವ ನಂಬರ್) ಹಿಡಿದು ಟ್ಯಾಕ್ಸ್‌ವರೆಗೂ ಎಲ್ಲಾ ನಾನೇ ನೋಡ್ಕೊಳ್ತೀನಿ ಅಂತಾರೆ, ನಂಬಬಹುದಾ ಅಂತ ಕೇಳಿದ್ದೀರಿ. ಅಣ್ಣಾ ಅಂತ ಕರೆದು ಕೇಳಿದ್ದೀರಿ, ಅದಕ್ಕೆ ನೇರವಾಗಿಯೇ ಹೇಳುತ್ತೇನೆ. ಅವರು ಒಳ್ಳೆಯ ಮನುಷ್ಯರೇ ಇರಬಹುದು. ಆದರೆ ನಾಳೆ ಅವರಿಂದ ತಪ್ಪಾದರೆ ಅವರನ್ನು ಕೇಳೋರು ಯಾರು? ಇದು ಗೊತ್ತಾಗುವ ತನಕ ಒಂದು ಡಾಲರ್ ಕೂಡ ಕೊಡಬೇಡಿ.

ಆಸ್ಟ್ರೇಲಿಯಾದಲ್ಲಿ ಬಿಸಿನೆಸ್ ಅಡ್ವೈಸರ್ ಅಂತ ಬೋರ್ಡ್ ಹಾಕಿಕೊಳ್ಳಲು ಯಾವ ಲೈಸೆನ್ಸೂ ಬೇಡ. ಅಕೌಂಟೆಂಟ್ ಅನ್ನುವ ಹೆಸರನ್ನೂ ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಹೊಸದಾಗಿ ಬಂದವರಿಗೆ ಇದು ನಂಬೋಕೇ ಆಗುವುದಿಲ್ಲ. ಎಲ್ಲದಕ್ಕೂ ರೂಲ್ಸ್ ಇರುವ ದೇಶ ಅಲ್ವಾ ಅಂತಾರೆ. ರೂಲ್ಸ್ ಇವೆ, ಆದರೆ ಅವು ಕೆಲಸಕ್ಕೆ ಅಂಟಿಕೊಂಡಿವೆ. ದುಡ್ಡು ತೆಗೆದುಕೊಂಡು ನಿಮ್ಮ ಟ್ಯಾಕ್ಸ್ ರಿಟರ್ನ್ ಮಾಡಬೇಕಾದರೆ ಅವರು ರಿಜಿಸ್ಟರ್ಡ್ ಟ್ಯಾಕ್ಸ್ ಏಜೆಂಟ್ ಆಗಿರಲೇಬೇಕು. ಜಿಎಸ್‌ಟಿ ಲೆಕ್ಕವನ್ನು ಟ್ಯಾಕ್ಸ್ ಆಫೀಸಿಗೆ ಕೊಡುವ ಬಿಎಎಸ್ ಅನ್ನುವ ಫಾರ್ಮ್ ಮಾತ್ರ ಮಾಡುವವರಾದರೆ ಬಿಎಎಸ್ ಏಜೆಂಟ್ ಅಂತ ರಿಜಿಸ್ಟರ್ ಆಗಿರಬೇಕು. ಇದು 2009ರ ಕಾಯ್ದೆ. ಅದನ್ನು ನೋಡಿಕೊಳ್ಳೋದು ಟ್ಯಾಕ್ಸ್ ಪ್ರಾಕ್ಟೀಷನರ್ಸ್ ಬೋರ್ಡ್. ಬೋರ್ಡಿನ ವೆಬ್‌ಸೈಟಿನಲ್ಲಿ ರಿಜಿಸ್ಟರ್ ಇದೆ, ನೋಡೋಕೆ ದುಡ್ಡಿಲ್ಲ. ಹೆಸರು ಹಾಕಿದರೆ ಸಾಕು, ಅವರು ಇದ್ದಾರಾ, ಇಲ್ವಾ ಅಂತ ತಿಳಿಯುತ್ತದೆ.

‘ನಮ್ಮವರ ಹತ್ತಿರ ನಂಬರ್ ಕೇಳೋಕೆ ಸಂಕೋಚ’ ಅಂತ ಬರೆದಿದ್ದೀರಿ. ಈ ಸಂಕೋಚ ನನಗೂ ಚೆನ್ನಾಗಿ ಗೊತ್ತು. ಹಬ್ಬಕ್ಕೆ ಸೇರಿದಾಗ ಪರಿಚಯ ಆದವರು, ಒಟ್ಟಿಗೆ ಊಟ ಮಾಡಿದವರು, ಅವರನ್ನು ಹೇಗೆ ಕೇಳೋದು ಅನಿಸುತ್ತದೆ. ಆದರೆ ರಿಜಿಸ್ಟರ್ ಆದವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಇತ್ತೀಚೆಗೆ ಬಂದ ನಿಯಮಗಳ ಪ್ರಕಾರ ರಿಜಿಸ್ಟರ್ ಎಲ್ಲಿ ನೋಡಬಹುದು, ದೂರು ಎಲ್ಲಿ ಕೊಡಬಹುದು ಅಂತ ಗ್ರಾಹಕರಿಗೆ ತಿಳಿಸುವುದು ಅವರದೇ ಕರ್ತವ್ಯ. ಈ ನಿಯಮಗಳು ದೊಡ್ಡ ಸಂಸ್ಥೆಗಳಿಗೆ 2025ರ ಜನವರಿ 1ರಿಂದ ಬಂದವು, ನೂರು ಅಥವಾ ಅದಕ್ಕಿಂತ ಕಡಿಮೆ ಜನ ಇರುವ ಸಣ್ಣ ಆಫೀಸುಗಳಿಗೆ ಅದೇ ವರ್ಷದ ಜುಲೈ 1ರಿಂದ. ನಂಬರ್ ಕೇಳಿದ್ದಕ್ಕೆ ಮುಖ ಸಪ್ಪೆ ಮಾಡಿಕೊಂಡರೆ ಅಲ್ಲಿಂದ ಎದ್ದು ಬನ್ನಿ.

ನಂಬರ್‌ಗೆ ನಾನು ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅಂದರೆ, ರಿಜಿಸ್ಟರ್ ಆದ ಕೂಡಲೇ ಒಂದು ನಡತೆ ಸಂಹಿತೆ ಅವರ ಮೇಲೆ ಬಂದು ಕೂರುತ್ತದೆ. ಪ್ರಾಮಾಣಿಕವಾಗಿರಬೇಕು. ಕಾನೂನಿನ ಒಳಗೆ ನಿಮ್ಮ ಹಿತ ನೋಡಬೇಕು. ನಿಮ್ಮ ವಿಷಯ ನಿಮ್ಮ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳಬಾರದು. ನಿಮ್ಮ ಪರವಾಗಿ ಹಣ ಇಟ್ಟುಕೊಂಡರೆ ಲೆಕ್ಕ ಕೊಡಬೇಕು. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬಾರದು. ಇನ್ಶೂರೆನ್ಸ್ ಇರಬೇಕು. ಇವನ್ನು ಮುರಿದರೆ ಬೋರ್ಡ್ ಅವರ ರಿಜಿಸ್ಟ್ರೇಷನ್ನನ್ನೇ ತೆಗೆಯಬಹುದು. ರಿಜಿಸ್ಟರ್ ಆಗದವರ ಮೇಲೆ ಈ ಸಂಹಿತೆಯ ಯಾವ ಮಾತೂ ನಡೆಯುವುದಿಲ್ಲ.

ಇನ್ನೊಂದು ಲಾಭದ ಬಗ್ಗೆ ಯಾರೂ ಹೇಳುವುದಿಲ್ಲ. ನೀವು ಎಲ್ಲಾ ದಾಖಲೆಗಳನ್ನು ಸರಿಯಾಗಿ, ಸಮಯಕ್ಕೆ ಕೊಟ್ಟಿದ್ದು, ರಿಜಿಸ್ಟರ್ಡ್ ಏಜೆಂಟ್‌ನ ಅಜಾಗರೂಕತೆಯಿಂದ ರಿಟರ್ನ್‌ನಲ್ಲಿ ತಪ್ಪಾದರೆ, ಆ ತಪ್ಪಿನ ದಂಡದಿಂದ ನಿಮಗೆ ರಕ್ಷಣೆ ಸಿಗಬಹುದು. ಇದಕ್ಕೆ ಇಲ್ಲಿ ಸೇಫ್ ಹಾರ್ಬರ್ ಅಂತಾರೆ. ಬಾಕಿ ಟ್ಯಾಕ್ಸ್ ಕಟ್ಟಲೇಬೇಕು, ಆದರೆ ದಂಡ ತಪ್ಪುತ್ತದೆ. ರಿಜಿಸ್ಟರ್ ಆಗದವರ ಕೈಲಿ ಮಾಡಿಸಿದರೆ ಇದು ಇಲ್ಲ. ನನ್ನ ಪರಿಚಯದ ಒಂದು ಕುಟುಂಬ ಇದರಲ್ಲೇ ಸಿಕ್ಕಿಹಾಕಿಕೊಂಡಿತು. ಮಾಡಿಕೊಟ್ಟಾತ ಅವರದೇ ಮೈಗವ್ (ಸರ್ಕಾರಿ ಸೇವೆಗಳ ಆನ್‌ಲೈನ್ ಖಾತೆ) ಪಾಸ್‌ವರ್ಡ್ ಇಸ್ಕೊಂಡು, ಒಳಗೆ ಹೋಗಿ, ಇಲ್ಲದ ಕಾರಿನ ಖರ್ಚೆಲ್ಲಾ ತುಂಬಿ ರಿಟರ್ನ್ ಹಾಕಿದ್ದ. ಟ್ಯಾಕ್ಸ್ ಆಫೀಸಿನ ಲೆಕ್ಕದಲ್ಲಿ ಅದನ್ನು ಹಾಕಿದ್ದು ಆ ಕುಟುಂಬವೇ. ಪತ್ರ ಬಂದಾಗ ಆತ ಫೋನ್ ಎತ್ತಲಿಲ್ಲ. ದಯವಿಟ್ಟು ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ. ರಿಜಿಸ್ಟರ್ಡ್ ಏಜೆಂಟ್‌ಗೆ ತನ್ನದೇ ದಾರಿ ಇದೆ, ನಿಮ್ಮ ಪಾಸ್‌ವರ್ಡ್ ಅವರಿಗೆ ಬೇಕಾಗುವುದೇ ಇಲ್ಲ. ನೀವು ಕಂಪನಿ ಮಾಡಿದರಂತೂ, ಇವರೇ ನಮ್ಮ ಏಜೆಂಟ್ ಅಂತ ಟ್ಯಾಕ್ಸ್ ಆಫೀಸಿನ ಆನ್‌ಲೈನ್ ಸೇವೆಯಲ್ಲಿ ನೀವೇ ಹೆಸರಿಸಬೇಕು. ಆಮೇಲೆಯೇ ಅವರು ನಿಮ್ಮನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳಲು ಆಗೋದು.

ಅವರು ಎಬಿಎನ್‌ಗೆ ಫೀಸ್ ಕೇಳಿದ್ದಾರೆ ಅಂದಿರಿ. ಎಬಿಎನ್ ಪೂರ್ತಿ ಉಚಿತ. ಆಸ್ಟ್ರೇಲಿಯನ್ ಬಿಸಿನೆಸ್ ರಿಜಿಸ್ಟರ್‌ನಲ್ಲಿ ಮನೆಯಲ್ಲೇ ಕೂತು ಮಾಡಬಹುದು. ತಮ್ಮ ಸಮಯಕ್ಕೆ ಅಂತ ಫೀಸ್ ತೆಗೆದುಕೊಂಡರೆ ಅದು ಅವರ ಹಕ್ಕು, ಆದರೆ ಸರ್ಕಾರಕ್ಕೆ ಕಟ್ಟಬೇಕು ಅಂತ ಹೇಳಿ ತೆಗೆದುಕೊಂಡರೆ ಅದು ಸುಳ್ಳು. ವರ್ಷಕ್ಕೆ 75,000 ಡಾಲರ್ ವಹಿವಾಟು ಮುಟ್ಟುವ ತನಕ ನಿಮ್ಮಂಥ ಬಿಸಿನೆಸ್‌ಗೆ ಜಿಎಸ್‌ಟಿ ಕಡ್ಡಾಯ ಅಲ್ಲ, ಅದನ್ನೂ ಅವರು ಹೇಳಿದರಾ? ಕ್ಲೀನಿಂಗ್ ಕೆಲಸಕ್ಕೆ ಬೇರೆ ಕಾಂಟ್ರ್ಯಾಕ್ಟರ್‌ಗಳನ್ನು ಇಟ್ಟುಕೊಂಡು ದುಡ್ಡು ಕೊಟ್ಟರೆ ವರ್ಷದ ಕೊನೆಗೆ, ಯಾರಿಗೆ ಎಷ್ಟು ಕೊಟ್ಟಿರಿ ಅಂತ ಟ್ಯಾಕ್ಸ್ ಆಫೀಸಿಗೆ ಟಿಪಿಎಆರ್ ಅನ್ನುವ ಒಂದು ರಿಪೋರ್ಟ್ ಕೊಡಬೇಕಾಗುತ್ತದೆ. ಅದರ ಬಗ್ಗೆ ಸುಮ್ನೆ ಒಂದು ಮಾತು ಕೇಳಿ ನೋಡಿ. ಕ್ಲೀನಿಂಗ್ ಗ್ರಾಹಕರು ಇರುವ ಏಜೆಂಟ್‌ಗೆ ಇದು ಬಾಯಿಪಾಠ ಇರಬೇಕು.

ನನಗೆ ಜಾಸ್ತಿ ಚಿಂತೆ ಆಗಿದ್ದು ನಿಮ್ಮ ಕೊನೆಯ ಸಾಲು. ‘ಸೂಪರ್ ದುಡ್ಡು ತೆಗೆಸಿ ಬಿಸಿನೆಸ್‌ಗೆ ಹಾಕೋಣ ಅಂತಾನೂ ಹೇಳಿದ್ದಾರೆ.’ ಇಲ್ಲಿ ನಿಂತುಬಿಡಿ. ಸೂಪರ್ ನಿಮ್ಮ ನಿವೃತ್ತಿಯ ಹಣ, ಕಾನೂನು ಹೇಳಿದ ಕೆಲವೇ ಸಂದರ್ಭ ಬಿಟ್ಟು ಅದನ್ನು ಮೊದಲೇ ತೆಗೆಯುವಂತಿಲ್ಲ. ಅದನ್ನು ಎಲ್ಲಿ ಹಾಕಬೇಕು, ಸ್ವಂತ ಫಂಡ್ ಮಾಡಬೇಕಾ ಅಂತ ಸಲಹೆ ಕೊಡೋಕೆ ಬೇರೆಯೇ ಲೈಸೆನ್ಸ್ ಬೇಕು. ಟ್ಯಾಕ್ಸ್ ಏಜೆಂಟ್ ಅಂದ ಮಾತ್ರಕ್ಕೆ ಆಗೋದಿಲ್ಲ. ಫೈನಾನ್ಷಿಯಲ್ ಅಡ್ವೈಸರ್‌ಗಳ ರಿಜಿಸ್ಟರ್ ಸರ್ಕಾರದ ಮನಿಸ್ಮಾರ್ಟ್ ವೆಬ್‌ಸೈಟಿನಲ್ಲಿದೆ. ಲೈಸೆನ್ಸ್ ಇದ್ದವರ ಮೇಲೂ ಕಣ್ಣಿರಬೇಕು. 2018ರಲ್ಲಿ ಬ್ಯಾಂಕುಗಳ ಬಗ್ಗೆ ಸರ್ಕಾರ ನೇಮಿಸಿದ್ದ ರಾಯಲ್ ಕಮಿಷನ್ ವಿಚಾರಣೆಯಲ್ಲಿ ತೀರಿಕೊಂಡ ಗ್ರಾಹಕರಿಂದಲೂ ಸಲಹೆಯ ಫೀಸ್ ವಸೂಲಾಗಿದ್ದು ಹೊರಗೆ ಬಂತು. ಆದರೂ ಅದು ಹೊರಗೆ ಬಂದಿದ್ದು, ಕೇಳೋರು ಇದ್ದಿದ್ದರಿಂದ. ವೀಸಾ ವಿಷಯಕ್ಕೂ ಇವರೇ ಸಲಹೆ ಕೊಡೋಕೆ ಬಂದರೆ, ಅದಕ್ಕೆ ವಕೀಲರಾಗಿರಬೇಕು ಇಲ್ಲವೇ ರಿಜಿಸ್ಟರ್ಡ್ ಮೈಗ್ರೇಷನ್ ಏಜೆಂಟ್ ಆಗಿರಬೇಕು.

ಇಷ್ಟು ವರ್ಷ ಇಲ್ಲಿ ಇದ್ದು ನಾನು ಕಂಡ ಒಂದು ವಿಷಯ ನಿಮಗೆ ಹೇಳಲೇಬೇಕು. ನಮ್ಮಲ್ಲಿ ಎಷ್ಟೋ ಜನ ‘ಆಗುತ್ತೆ’ ಅನ್ನುವ ಏಜೆಂಟ್‌ನನ್ನು ಹುಡುಕಿಕೊಂಡು ಹೋಗುತ್ತಾರೆ. ಒಬ್ಬರು ‘ಈ ಖರ್ಚು ಹಾಕೋಕೆ ಬರಲ್ಲ, ಬಿಲ್ ಎಲ್ಲಿ?’ ಅಂದರೆ ಅವರಿಗೆ ಕೆಲಸ ಗೊತ್ತಿಲ್ಲ ಅಂದುಕೊಂಡು ಇನ್ನೊಬ್ಬರ ಹತ್ತಿರ ಹೋಗುತ್ತಾರೆ. ಹಾಗೆ ಮಾಡಬೇಡಿ. ಬಿಲ್ ಕೇಳಿದವರು ತಮ್ಮ ಸಂಹಿತೆ ಪಾಲಿಸುತ್ತಿದ್ದಾರೆ. ಆ ಸಂಹಿತೆಯಲ್ಲಿ ಸರ್ಕಾರದ ಕಡೆಗೂ ಅವರಿಗೆ ಕರ್ತವ್ಯ ಇದೆ. ಮುಖ್ಯವಾದ ತಪ್ಪು ಮಾಹಿತಿ ಕೊಟ್ಟಿದ್ದು ಗೊತ್ತಾದರೆ ಸರಿಪಡಿಸಿ ಅಂತ ಅವರು ನಿಮಗೆ ಹೇಳಲೇಬೇಕು. ನೀವು ಬೇಕಂತಲೇ ಕೇಳದಿದ್ದರೆ ನಿಮ್ಮ ಕೆಲಸ ಬಿಡಬೇಕಾಗುತ್ತದೆ, ತೀರಾ ಗಂಭೀರವಾದರೆ ಅಧಿಕಾರಿಗಳಿಗೆ ತಿಳಿಸಬೇಕಾಗಲೂಬಹುದು. ಅವರು ನಿಮ್ಮ ಶತ್ರು ಆಗಿದ್ದಕ್ಕಲ್ಲ. ಇಂಥ ಏಜೆಂಟ್ ಸಿಕ್ಕರೆ ಫೀಸ್ ಸ್ವಲ್ಪ ಜಾಸ್ತಿ ಆದರೂ ಬಿಡಬೇಡಿ.

ಈ ವಾರವೇ ಅವರಿಗೆ ಒಂದು ಇಮೇಲ್ ಹಾಕಿ. ರಿಜಿಸ್ಟ್ರೇಷನ್ ನಂಬರ್ ಏನು, ಯಾವ ಕೆಲಸಕ್ಕೆ ಎಷ್ಟು ಫೀಸ್, ನನ್ನನ್ನು ಬೇರೆ ಯಾರ ಹತ್ತಿರವಾದರೂ ಕಳಿಸಿದರೆ ಅವರಿಂದ ನಿಮಗೆ ಕಮಿಷನ್ ಬರುತ್ತದಾ ಅಂತ ಕೇಳಿ. ಉತ್ತರ ಬರಹದಲ್ಲೇ ಇರಲಿ, ಫೋನಿನಲ್ಲಿ ಬೇಡ. ಕಂಪನಿಯೇ ಮಾಡುವುದಾದರೆ ಡೈರೆಕ್ಟರ್ ಐಡಿಗೆ (ಕಂಪನಿಯ ಡೈರೆಕ್ಟರ್‌ಗೆ ಬೇಕಾದ ಗುರುತಿನ ನಂಬರ್) ಮೊದಲೇ ಅರ್ಜಿ ಹಾಕಿ, ಅದೂ ಉಚಿತ. ಅದನ್ನು ಡೈರೆಕ್ಟರ್ ಆಗುವವರೇ ಖುದ್ದಾಗಿ ಹಾಕಬೇಕು, ಬೇರೆಯವರು ಹಾಕುವಂತಿಲ್ಲ. ‘ಅದನ್ನೂ ನಾನೇ ಹಾಕಿ ಕೊಡ್ತೀನಿ’ ಅಂತ ಅವರು ಅಂದರೆ, ಇಮೇಲಿಗೆ ಉತ್ತರ ಕಾಯುವ ಅಗತ್ಯವೂ ಇರುವುದಿಲ್ಲ.