ಎರಡೂವರೆ ತಿಂಗಳ ಲ್ಯಾಬ್ರಡಾರ್ ಮರಿಗೆ ಮೆಟ್ಟಿಲು ಹತ್ತುವುದನ್ನು ಕಲಿಸುವುದು ಹೇಗೆ?

ಮರಿ ಕೆಳಗಿನ ಮೆಟ್ಟಿಲ ಹತ್ತಿರ ಕೂತು ಕುಂಯ್‌ಗುಡುತ್ತದೆ, ಮೇಲೆ ಬರುವುದಿಲ್ಲ, ಬೆಲ್ಟ್ ಹಿಡಿದು ಎಳೆದರೆ ಎರಡೇ ದಿನದಲ್ಲಿ ಕಲಿಯುತ್ತದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ ಅಂದಿದ್ದೀರಿ. ದಯವಿಟ್ಟು ಎಳೆಯಬೇಡಿ. ನಮ್ಮ ನಾಯಿ ಕೆಂಚನ ವಿಷಯದಲ್ಲೂ ಇದೇ ಅವಸರ ಆಯಿತು. ಅದರ ಫಲವನ್ನು ಅವನೂ ನಾವೂ ತುಂಬಾ ದಿನ ಅನುಭವಿಸಿದೆವು.

ನಮ್ಮದು ಹಾಸನದ ವಿದ್ಯಾನಗರದಲ್ಲಿ ಬಾಡಿಗೆ ಮನೆ. ಕೆಳಗೆ ಓನರ್, ಮೇಲೆ ನಾವು. ಮೆಟ್ಟಿಲು ಮನೆಯ ಹೊರಗಡೆ, ನುಣುಪು ಗ್ರಾನೈಟ್. ಕೆಂಚ ಸಕಲೇಶಪುರದ ಕಡೆಯ ತೋಟದಿಂದ ಬಂದವನು, ಲ್ಯಾಬ್ರಡಾರ್ ಕ್ರಾಸ್. ಹುಟ್ಟಿದಾಗಿನಿಂದ ಓಡಾಡಿದ್ದೆಲ್ಲ ಕಾಫಿ ಒಣಗಿಸುವ ಕಣದಲ್ಲಿ. ಮೆಟ್ಟಿಲು ಅನ್ನುವುದನ್ನೇ ನೋಡಿರಲಿಲ್ಲ. ನಿಮ್ಮ ಮರಿಯ ಹಾಗೇ ಕೆಳಗೆ ಕೂತು ಅಳುತ್ತಿದ್ದ.

ನಾನು ಮೇಲೆ ನಿಂತು ಬೇಯಿಸಿದ ಕೋಳಿ ಚೂರು ತೋರಿಸಿ ಕರೆದೆ. ಮುಂಗಾಲು ಊರಿದ, ಹಿಂಗಾಲು ಒದ್ದಾಡಿಸಿದ, ಹೊಟ್ಟೆ ಎಳೆದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದ. ಮನೆಯವರಿಗೆಲ್ಲ ಖುಷಿ. ದಿನಾ ಅದನ್ನೇ ಮಾಡಿಸಿದೆವು. ಕೆಳಗೆ ಹೋಗುವಾಗ ಮಾತ್ರ ಎತ್ತಿಕೊಂಡು ಇಳಿಯುತ್ತಿದ್ದೆವು. ಇಳಿಯುವುದು ಸುಲಭ, ತಾನೇ ಕಲಿಯುತ್ತಾನೆ ಅಂದುಕೊಂಡಿದ್ದೆ.

ಇದೇ ತಪ್ಪಾಗಿದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಇದನ್ನೇ ಮಾಡುತ್ತಾರೆ. ಹತ್ತುವಾಗ ಮುಂದಿನ ಮೆಟ್ಟಿಲು ಮರಿಯ ಮೂಗಿನ ಎದುರಿಗೇ ಇರುತ್ತದೆ. ಕಾಲು ಎಲ್ಲಿ ಇಡಬೇಕು ಅಂತ ಕಾಣುತ್ತದೆ. ತಪ್ಪಿದರೂ ಒಂದು ಮೆಟ್ಟಿಲು ಹಿಂದೆ ಜಾರುತ್ತದೆ, ಅಷ್ಟೇ. ಇಳಿಯುವಾಗ ಎಲ್ಲ ತಲೆಕೆಳಗು. ನಾಯಿ ಸುಮ್ಮನೆ ನಿಂತಾಗಲೇ ಅದರ ಭಾರದ ನೂರಕ್ಕೆ 60 ಭಾಗ ಮುಂಗಾಲಿನ ಮೇಲಿರುತ್ತದೆ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಮರಿಗೆ ತಲೆ ದೊಡ್ಡದು, ಮುಂಗಾಲು ಮೆತ್ತಗೆ. ಮೇಲಿನಿಂದ ನೋಡಿದರೆ ಒಂದೇ ಬಣ್ಣದ ಗ್ರಾನೈಟ್‌ನಲ್ಲಿ ಒಂದು ಮೆಟ್ಟಿಲು ಎಲ್ಲಿ ಮುಗಿಯಿತು, ಇನ್ನೊಂದು ಎಷ್ಟು ಕೆಳಗಿದೆ ಅಂತ ನಮಗೇ ಸರಿಯಾಗಿ ಕಾಣುವುದಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳಿದಿದ್ದರೆ ನಿಮಗೂ ಗೊತ್ತಿರುತ್ತದೆ, ಹತ್ತುವಾಗ ಉಸಿರು ಕಟ್ಟುತ್ತದೆ, ಕಾಲು ನಡುಗುವುದು ಮಾತ್ರ ಇಳಿಯುವಾಗ. ನಮಗೆ ಹಿಡಿದುಕೊಳ್ಳಲು ಕಂಬಿ ಇರುತ್ತದೆ. ಮರಿಗೆ ಏನಿದೆ?

ಹತ್ತುವುದನ್ನು ಮಾತ್ರ ಕಲಿಸಿದರೆ ಮರಿಗೆ ಧೈರ್ಯ ಬರುತ್ತದೆ, ಇಳಿಯುವ ವಿದ್ಯೆ ಬರುವುದಿಲ್ಲ. ಜುಲೈ ತಿಂಗಳ ಸೋನೆ ಮಳೆಯಲ್ಲಿ ಒಂದು ಬೆಳಿಗ್ಗೆ ಕೆಳಗೆ ಗೇಟಿನ ಸದ್ದಾಯಿತು. ಬಾಗಿಲು ತೆರೆದಿತ್ತು. ಕೆಂಚ ಓಡಿದ. ಮೊದಲ ಎರಡು ಮೆಟ್ಟಿಲು ಸರಿಯಾಗಿಯೇ ಇಳಿದ. ಆಮೇಲೆ ಮುಂಗಾಲು ಜಾರಿ, ಹಿಂಭಾಗ ತಲೆಯ ಮೇಲೆ ಬಂದು, ತಿರುವಿನ ತನಕ ಉರುಳಿದ. ನಾನು ಹೋಗುವಷ್ಟರಲ್ಲಿ ಮೂಲೆಗೆ ಒತ್ತಿಕೊಂಡು ಕೂತಿದ್ದ. ಬಲ ಮುಂಗಾಲಿನ ಒಂದು ಉಗುರು ಬುಡದಿಂದ ಎದ್ದು ಅಡ್ಡಕ್ಕೆ ತಿರುಗಿತ್ತು. ಕಾಲು ಮುಟ್ಟಲು ಬಿಡಲಿಲ್ಲ, ನನ್ನ ಕೈ ಮಾತ್ರ ನೆಕ್ಕುತ್ತಲೇ ಇದ್ದ.

ಉಗುರು ವಾಸಿಯಾಯಿತು. ಭಯ ವಾಸಿಯಾಗಲಿಲ್ಲ. ಮೆಟ್ಟಿಲ ಹತ್ತಿರ ಕರೆದೊಯ್ದರೆ ಸಾಕು, ನಾಲ್ಕೂ ಕಾಲು ಚಾಚಿ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿಬಿಡುತ್ತಿದ್ದ. ಹತ್ತುವುದನ್ನೂ ಬಿಟ್ಟ. ಬೆಳೆದು 30 ಕಿಲೋ ಹತ್ತಿರ ಬಂದರೂ ಬೆಳಿಗ್ಗೆ ಸಂಜೆ ನಾನೂ ತಮ್ಮನೂ ಅವನನ್ನು ಎತ್ತಿಕೊಂಡೇ ಇಳಿಸಬೇಕಿತ್ತು. ಮಳೆಗಾಲದಲ್ಲಿ, ಪಾಚಿ ಕಟ್ಟಿದ ಮೆಟ್ಟಿಲ ಮೇಲೆ, ಅಷ್ಟು ಭಾರ ಹೊತ್ತುಕೊಂಡು. ನಾವೇ ಬೀಳದೆ ಉಳಿದಿದ್ದು ದೊಡ್ಡದು.

ಹಾಗಾಗಿ ನನ್ನ ಉತ್ತರ: ನಿಮ್ಮ ಮರಿಗೆ ಈಗ ಮೆಟ್ಟಿಲು ಕಲಿಸಲೇಬೇಡಿ. ಎತ್ತಿಕೊಂಡು ಹೋಗಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ. ಅದು ಸೋಮಾರಿಯೂ ಅಲ್ಲ, ಹಟಮಾರಿಯೂ ಅಲ್ಲ. ತನ್ನ ಎದೆಯೆತ್ತರದ ಗೋಡೆ ನೋಡಿ ಹಿಂದೆ ಸರಿಯುತ್ತಿದೆ, ಸರಿಯಾಗಿಯೇ ಮಾಡುತ್ತಿದೆ.

ಇದು ಬರೀ ನನ್ನ ಅನುಭವದ ಮಾತಲ್ಲ. ನಾರ್ವೆಯಲ್ಲಿ ಲ್ಯಾಬ್ರಡಾರ್, ನ್ಯೂಫೌಂಡ್‌ಲ್ಯಾಂಡ್‌ನಂಥ ನಾಲ್ಕು ದೊಡ್ಡ ತಳಿಗಳ ಸುಮಾರು 500 ನಾಯಿಗಳನ್ನು ಮರಿಯಿಂದಲೇ ಗಮನಿಸಿ ಮಾಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಹುಟ್ಟಿದ ಮೂರು ತಿಂಗಳೊಳಗೆ ಮೆಟ್ಟಿಲಲ್ಲಿ ಓಡಾಡಿದ ಮರಿಗಳಿಗೆ ಮುಂದೆ ಸೊಂಟದ ಕೀಲಿನ ತೊಂದರೆ ಬರುವ ಸಾಧ್ಯತೆ ಜಾಸ್ತಿ ಕಂಡಿತು. ಅದೇ ವಯಸ್ಸಿನಲ್ಲಿ ಬೆಲ್ಟ್ ಇಲ್ಲದೆ ಬಯಲಿನಲ್ಲಿ ಆಡಿಕೊಂಡಿದ್ದ ಮರಿಗಳಿಗೆ ಕಡಿಮೆ. ಲ್ಯಾಬ್ರಡಾರ್‌ಗೆ ಈ ತೊಂದರೆ ಮೊದಲೇ ತಳಿಯಲ್ಲಿದೆ. ನಾವು ಅದಕ್ಕೆ ಇನ್ನಷ್ಟು ಸೇರಿಸುವುದು ಯಾಕೆ?

ಇನ್ನೊಂದು ಮಾತು ಬರೆದಿದ್ದೀರಿ, ಕಲಿತರೆ ತಾನೇ ಕೆಳಗೆ ಹೋಗಿ ಉಚ್ಚೆ ಮಾಡಿಕೊಂಡು ಬರುತ್ತದೆ ಅಂತ. ಇದನ್ನು ನಾನು ಒಪ್ಪುವುದೇ ಇಲ್ಲ. ರೋಗ ತಡೆಯುವ ಇಂಜೆಕ್ಷನ್‌ಗಳ ಸುತ್ತು ಮುಗಿಯುವುದು ಮರಿಗೆ ಸುಮಾರು 16 ವಾರ ತುಂಬಿದಾಗ. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬೀದಿನಾಯಿಗಳು ಓಡಾಡುವ ಜಾಗಕ್ಕೆ ಇಷ್ಟು ಸಣ್ಣ ಮರಿಯನ್ನು ಒಂಟಿಯಾಗಿ ಬಿಡಬೇಡಿ. ಬಾಲ್ಕನಿಯಲ್ಲೋ ಟೆರೇಸ್‌ನಲ್ಲೋ ಒಂದು ಮೂಲೆ ರೂಢಿ ಮಾಡಿಸಿ. ಆಮೇಲೂ ಜೊತೆಗೆ ನೀವಿರಬೇಕು.

ನಾಲ್ಕು ತಿಂಗಳು ದಾಟಿದ ಮೇಲೆ ಶುರು ಮಾಡಿ, ಇಳಿಯುವುದರಿಂದ. ಕೆಂಚನಿಗೆ ಕೊನೆಗೆ ಧೈರ್ಯ ಬಂದಿದ್ದೂ ಹೀಗೇ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ, ನೆಲದ ಕಡೆ ಮುಖ ಮಾಡಿ ನಿಲ್ಲಿಸಿ. ತಿಂಡಿ ಚೂರನ್ನು ಕೈಯಲ್ಲಿ ಆಡಿಸಬೇಡಿ, ನೆಲದ ಮೇಲೆ ಮೂಗಿಗೆ ಹತ್ತಿರವೇ ಇಡಿ. ಆಗ ತಲೆ ತಗ್ಗಿಸಿ ಜಾಗ ನೋಡುತ್ತದೆ, ನೋಡಿ ಕಾಲಿಡುತ್ತದೆ. ಅದೊಂದು ಮೆಟ್ಟಿಲು ಆರಾಮಾಗುವ ತನಕ ಎರಡನೆಯದಕ್ಕೆ ಹೋಗಬೇಡಿ. ಹೀಗೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ಸೇರಿಸುತ್ತಾ ಹೋದರೆ ಮರಿಯ ಮುಂದಿರುವುದು ಯಾವಾಗಲೂ ಗೊತ್ತಿರುವ ಮೆಟ್ಟಿಲೇ. ಕೆಂಚನಿಗೆ ಆ ಒಂದೇ ಮೆಟ್ಟಿಲಿಗೆ ವಾರಗಳೇ ಹಿಡಿದವು, ಯಾಕೆಂದರೆ ಮೊದಲು ಭಯ ಹೋಗಬೇಕಿತ್ತು. ಭಯವೇ ಇಲ್ಲದ ಮರಿಗೆ ಅಷ್ಟು ಬೇಕಾಗುವುದಿಲ್ಲ.

ಕುತ್ತಿಗೆ ಬೆಲ್ಟ್ ಬೇಡ. ಎದೆಗೆ ಹಾಕುವ ಹಾರ್ನೆಸ್ ಹಾಕಿ, ಗೋಡೆಯ ಪಕ್ಕದಲ್ಲಿ ಅದನ್ನು ಬಿಟ್ಟು, ತೆರೆದ ಕಡೆ ನೀವು ನಡೆಯಿರಿ. ನುಣುಪು ಕಲ್ಲಾಗಿದ್ದರೆ ರಬ್ಬರ್ ಮ್ಯಾಟ್ ಕತ್ತರಿಸಿ ಪ್ರತಿ ಮೆಟ್ಟಿಲಿಗೂ ಅಂಟಿಸಿ. ಹಳೆಯ ಕಾಫಿ ಗೋಣಿಚೀಲ ಹಾಸಿದರೆ ಸಾಕಲ್ವಾ ಅಂತ ಅನ್ನಿಸುತ್ತದೆ, ನಾವೂ ಹಾಸಿದ್ದೆವು. ಬಿಗಿಯಾಗಿ ಕಟ್ಟದಿದ್ದರೆ ಅದು ಕಾಲಿನ ಜೊತೆಗೇ ಜಾರುತ್ತದೆ. ಮೆಟ್ಟಿಲ ಅಂಚಿಗೆ ಒಂದು ಬಿಳಿ ಪಟ್ಟಿ ಬಳಿಯಿರಿ. ಉಗುರು, ಅಂಗಾಲಿನ ಸಂದಿಯ ಕೂದಲು ಉದ್ದ ಬಿಡಬೇಡಿ.

ಕುಂಟಿದರೆ, ಅಥವಾ ಓಡುವಾಗ ಹಿಂಗಾಲು ಎರಡನ್ನೂ ಜೋಡಿಸಿ ಮೊಲದ ಹಾಗೆ ಕುಪ್ಪಳಿಸಿದರೆ ಅಭ್ಯಾಸ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ದೂರ ಹೋಗಬೇಕಾಗಿಲ್ಲ.

ಇವತ್ತೇ ಮಾಡಬೇಕಾದ ಕೆಲಸ ಅಂದರೆ ಮೇಲಿನ ಬಾಗಿಲಿಗೆ ಗೇಟು. ಪ್ಲೈವುಡ್ ಹಲಗೆ ಅಡ್ಡ ಇಟ್ಟರೆ ಸ್ವಲ್ಪ ದಿನ ನಡೆಯುತ್ತದೆ, ಮರಿ ಬೆಳೆದಂತೆ ಅದನ್ನು ತಳ್ಳಿ ಬೀಳಿಸುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಸೊಂಟದೆತ್ತರದ ಗ್ರಿಲ್ ಗೇಟು ಮಾಡಿಸಿ, ಸರಳಿನ ಸಂದಿಯಲ್ಲಿ ಮರಿಯ ತಲೆ ತೂರದ ಹಾಗೆ. ಬಾಡಿಗೆ ಮನೆಯಾದರೆ ಗೋಡೆಗೆ ತೂತು ಹೊಡೆಯುವ ಮೊದಲು ಓನರ್‌ಗೆ ಒಂದು ಮಾತು ಹೇಳಿ.